ಕಾಂಪೌಂಡ್ ದಾಟಿದ ಹೂವು

ನಮ್ಮ ಬಡಾವಣೆಯ ಅಧ್ಯಕ್ಷರು ತೀರಿಕೊಂಡು ಒಂದು ತಿಂಗಳ ಮೇಲಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ತಿಳಿಯಲಿಕ್ಕಿಲ್ಲ. ಹಾಲಿನವನಿಂದ ಹಿಡಿದು ಸ್ವಂತ ಅಳಿಯನವರೆಗೆ ಎಲ್ಲರಿಗೂ ಅವರು ಬರೀ ‘ಅಧ್ಯಕ್ಷರು’. ನಿವಾಸಿಗಳ ಸಂಘ ಶುರುವಾದಾಗಿನಿಂದ ಆ ಕುರ್ಚಿಯಲ್ಲಿ ಬೇರೆಯವರು ಕೂತದ್ದಿಲ್ಲ. ಪ್ರತಿ ವರ್ಷದ ಸಭೆಯಲ್ಲಿ, ಬೇರೆ ಯಾರಾದರೂ ನಿಲ್ಲುವವರಿದ್ದರೆ ಹೇಳಬಹುದು ಎಂದು ಕನ್ನಡಕದ ಮೇಲಿಂದ ಒಂದು ಸುತ್ತು ನೋಡುತ್ತಿದ್ದರು. ನಾವೆಲ್ಲ ಬೋಂಡದ ತಟ್ಟೆ ನೋಡುತ್ತಿದ್ದೆವು. ಅಲ್ಲಿಗೆ ಚುನಾವಣೆ ಮುಗಿಯುತ್ತಿತ್ತು.

ನಮ್ಮದು ಸಣ್ಣ ಬಡಾವಣೆ. ಕುಂಬಾರಕೊಪ್ಪಲು ದಾಟಿ ಒಳಕ್ಕೆ ತಿರುಗಿದರೆ ಮೂರು ಅಡ್ಡರಸ್ತೆ, ಒಂದು ಪಾರ್ಕು, ನಲವತ್ತೊಂದು ಮನೆ. ನಮ್ಮ ವಿಳಾಸ ಹೇಳಿದರೆ ಆಟೋದವರು ಮೀಟರ್ ಹಾಕುವುದಿಲ್ಲ. ಆಳೆತ್ತರದ ಗೇಟು, ಗ್ರಾನೈಟಿನ ಮೆಟ್ಟಿಲು, ಮನೆಗೆರಡು ಕಾರು. ಮನೆಗಳು ಎಷ್ಟು ಹತ್ತಿರವೋ ಮನೆಯವರು ಅಷ್ಟು ದೂರ. ಪಕ್ಕದ ಮನೆಯಲ್ಲಿ ಮಗು ಹುಟ್ಟಿದ್ದು ನಮಗೆ ಗೊತ್ತಾಗುವುದು ನಾಮಕರಣಕ್ಕೆ ಶಾಮಿಯಾನ ಹಾಕಿದ ದಿನ. ಬ್ಯಾಂಕಿನ ಕೆಲಸಕ್ಕೆ ವಿಆರ್‌ಎಸ್ ಬರೆದುಕೊಟ್ಟು ನಾನು ಇಲ್ಲಿಗೆ ಬಂದಾಗ ಮೊದಲ ವರ್ಷ ನನ್ನ ಜೊತೆ ಮಾತಾಡಿದವರು ಇಬ್ಬರೇ, ಹೂ ಕುಂಡ ಮಾರುವವನು ಮತ್ತು ಅಧ್ಯಕ್ಷರು. ಅಧ್ಯಕ್ಷರು ಮಾತಾಡಿದ್ದೂ ನನ್ನ ಕಸದ ಬುಟ್ಟಿಯ ವಿಚಾರವಾಗಿ.

ಅವರು ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಹುಟ್ಟಿದ್ದು ನಾಲೆ ಬಯಲಿನ ಒಕ್ಕಲು ಮನೆಯಲ್ಲಿ. ಮೈಕಿನ ಮುಂದೆ ನಿಂತರೆ ಸುತ್ತೋಲೆಯ ಕನ್ನಡ. ಸಿಟ್ಟು ಬಂದರೆ, ಇಲ್ಲವೇ ಪ್ರೀತಿ ಬಂದರೆ, ಊರಿನ ಮಾತು. ವಾಟ್ಸಾಪ್ ಗುಂಪಿನಲ್ಲಿ ಯಾರು ಏನೇ ದೂರು ಹಾಕಲಿ, ಐದು ನಿಮಿಷದೊಳಗೆ ಅವರ ಉತ್ತರ ಬೀಳುತ್ತಿತ್ತು: ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಇಂತಿ, ಅಧ್ಯಕ್ಷರು.’ ಮೊಮ್ಮಗಳ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿದವರಿಗೂ ಒಮ್ಮೆ ಇದೇ ಉತ್ತರ ಹೋಗಿತ್ತಂತೆ.

ಬೇಸಿಗೆ, ಮಳೆ, ಚಳಿ, ಯಾವಾಗಲೂ ಅವರ ಕೈಯಲ್ಲಿ ಒಂದು ಕರಿ ಛತ್ರಿ. ಬಾಗಿದ ಮರದ ಹಿಡಿಯದು. ಬೀದಿನಾಯಿಗಾಗಿ ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಆದರೆ ಅದರ ಇನ್ನೊಂದು ಉಪಯೋಗವನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ಅಡ್ಡರಸ್ತೆಯ ಒಬ್ಬ ಯಜಮಾನರು ಪೈಪು ಹಿಡಿದು ರಸ್ತೆಯಲ್ಲೇ ಕಾರು ತೊಳೆಯುತ್ತಿದ್ದರು. ಕಾವೇರಿ ನೀರು ಮೋರಿಗೆ ಹರಿಯುತ್ತಿತ್ತು. ಅಧ್ಯಕ್ಷರು ಸುಡುಬಿಸಿಲಿನಲ್ಲಿ ಛತ್ರಿ ಬಿಚ್ಚಿ, ಮಳೆಗೆ ಸಿಕ್ಕಿದವರ ಹಾಗೆ ಅದರ ಅಡಿಯಲ್ಲಿ ಮುದುಡಿಕೊಂಡು ಆ ಕಾರಿನ ಪಕ್ಕ ನಿಂತರು. ಯಜಮಾನರು ನೋಡಿದರು, ಅತ್ತಿತ್ತ ನೋಡಿದರು, ಕೊನೆಗೆ ಹೋಗಿ ನಲ್ಲಿ ನಿಲ್ಲಿಸಿದರು. ಅಧ್ಯಕ್ಷರು ಛತ್ರಿ ಮಡಚಿ ಮುಂದೆ ನಡೆದರು. ಆ ಕಾರಿಗೆ ಈಗಲೂ ಬಕೆಟ್ಟಿನಲ್ಲೇ ಸ್ನಾನ.

ಅವರ ಇನ್ನೊಂದು ಅಭ್ಯಾಸ ನನಗೆ ಅರ್ಥವಾಗುತ್ತಿರಲಿಲ್ಲ. ನಡೆದು ಹೋಗುತ್ತಿದ್ದವರು ಗೇಟಿನ ಮುಂದೆ ನಿಂತು, ನಿಮ್ಮ ನಂದಿಬಟ್ಟಲಿಗೆ ನೀರು ಸಾಲುತ್ತಿಲ್ಲ, ನಿಮ್ಮ ದಾಸವಾಳಕ್ಕೆ ಬಿಳಿ ಹುಳು ಬಿದ್ದಿದೆ, ಬೇವಿನೆಣ್ಣೆ ಹೊಡೆಯಿರಿ ಎಂದು ಹೇಳಿ ಹೋಗುತ್ತಿದ್ದರು. ನೋಡಿದರೆ ನಿಜವಾಗಿಯೂ ಹುಳು ಬಿದ್ದಿರುತ್ತಿತ್ತು. ಪೈಪು, ಪಂಪು, ವಾಲ್ವುಗಳ ಮನುಷ್ಯ. ಸ್ವಂತ ಮನೆಯ ಕಾಂಪೌಂಡಿನೊಳಗೆ ಒಂದು ಹುಲ್ಲುಕಡ್ಡಿ ಇಲ್ಲ, ಅಂಗಳವೆಲ್ಲ ಕಾಂಕ್ರೀಟು. ಇವರಿಗೆ ಹೂವಿನ ಕಾಯಿಲೆ ಹೇಗೆ ತಿಳಿಯುತ್ತದೆ ಎಂದು ನಾನೂ ನನ್ನ ಗಂಡನೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು.

ಇನ್ನು ಅವರ ಕಾನೂನು. ಒಂದು ವರ್ಷ ಎರಡು ಮನೆಗಳ ನಡುವೆ ಮಾವಿನಕಾಯಿಗೆ ಜಗಳ ಬಿತ್ತು. ಮರ ಒಂದು ಮನೆಯದು, ಕೊಂಬೆ ರಸ್ತೆಗೆ ಬಾಗಿದೆ, ಕಾಯಿ ಕಿತ್ತವರು ಎದುರು ಮನೆಯವರು. ವಿಷಯ ಸಭೆಗೆ ಬಂತು. ಅಧ್ಯಕ್ಷರು ಎರಡೂ ಕಡೆಯವರ ಮಾತು ಕೇಳಿ ಎದ್ದು ನಿಂತರು.

“ಕಾಂಪೌಂಡ್ ಒಳಗಿರೋದು ನಿಮ್ದು. ಕಾಂಪೌಂಡ್ ದಾಟಿ ಬಂದದ್ದು ರಸ್ತೇದು. ರೂಲು ಅಂದ್ರೆ ರೂಲು ಕಣ್ರೀ” ಎಂದರು.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ನಡಾವಳಿ ಪುಸ್ತಕದಲ್ಲಿ ಅದನ್ನು ನಿರ್ಣಯ ಎಂದು ಬರೆಸಿ, ನಮ್ಮೆಲ್ಲರ ಸಹಿ ಹಾಕಿಸಿಕೊಂಡರು. ನಾನೂ ಹಾಕಿದ್ದೇನೆ.

ಆಮೇಲೆ ಎರಡು ಮೂರು ವರ್ಷ, ನಮ್ಮ ರಸ್ತೆಗಳಲ್ಲಿ ಬೆಳಗಾಗುವಷ್ಟರಲ್ಲಿ ಹೂವು ಮಾಯವಾಗುವುದು ಒಂದು ಮಾತಾಯಿತು. ಮನೆಗೊಂದೋ ಎರಡೋ, ಹೆಚ್ಚಿಲ್ಲ. ಆದರೆ ಒಳ್ಳೆಯದನ್ನೇ ಆರಿಸಿ ಕಿತ್ತಿರುತ್ತಿದ್ದರು. ನಮ್ಮಂಥ ಜಾಗದಲ್ಲಿ ಏನು ಕಳೆದರೂ ಅನುಮಾನ ಮೊದಲು ಹೋಗುವುದು ಕೆಲಸಕ್ಕೆ ಬರುವವರ ಮೇಲೆ. ನಾನೂ ಹಾಗೆ ಯೋಚಿಸಿದವಳೇ. ಈಗ ನೆನೆದರೆ ನಾಚಿಕೆಯಾಗುತ್ತದೆ. ಗುಂಪಿನಲ್ಲಿ ದೂರು ಹಾಕಿದರೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ಉತ್ತರ ಬರುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲಿ. ತೋಟದ ವಿಷಯವಾದರೆ ಅದಕ್ಕೂ ಮುಂಚೆ. ಅಂಗಳದಲ್ಲಿ ಅರವತ್ತು ಕುಂಡ ಇಟ್ಟುಕೊಂಡು, ದಸರಾ ಹೊತ್ತಿನಲ್ಲಿ ನಡೆಯುವ ಮನೆತೋಟದ ಸ್ಪರ್ಧೆಗೆ ಮೂರು ವರ್ಷ ಹೆಸರು ಕೊಟ್ಟು ಮೂರು ವರ್ಷವೂ ಸಮಾಧಾನಕರ ಬಹುಮಾನ ತಂದವಳು ನಾನು. ಆ ಶಬ್ದ ಕೇಳಿದರೇ ನನ್ನ ಸಮಾಧಾನ ಹೋಗುತ್ತದೆ. ನಾಲ್ಕನೇ ವರ್ಷ ಒಂದು ಡೇಲಿಯಾ ಗಿಡವನ್ನು ಹಸುಗೂಸಿನ ಹಾಗೆ ಸಾಕಿದೆ. ಊಟದ ತಟ್ಟೆಯಷ್ಟಲ್ಲದಿದ್ದರೂ ತಿಂಡಿ ತಟ್ಟೆಯಷ್ಟು ಅಗಲದ ಒಂದು ಹೂವು ಬಿಟ್ಟಿತು, ಕಡುಗೆಂಪು. ತೀರ್ಪುಗಾರರು ಬರುವ ಹಿಂದಿನ ಸಂಜೆ ಕುಂಡವನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಅವರು ಕಾರಿಳಿದ ತಕ್ಷಣ ಕಾಣಲಿ ಎಂದು ಹೂವಿನ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿದೆ.

ಬೆಳಗ್ಗೆ ಎದ್ದು ನೋಡಿದರೆ ಬರೀ ದಂಟು ನಿಂತಿತ್ತು.

ಹತ್ತು ಗಂಟೆಗೆ ತೀರ್ಪುಗಾರರು ಬಂದರು, ನನ್ನ ಕ್ರೋಟನ್‌ಗಳನ್ನು ನೋಡಿದರು, ಕಾಫಿ ಕುಡಿದರು, ಹೋದರು. ನಾಲ್ಕನೇ ಸಮಾಧಾನಕರ ಬಹುಮಾನ ಖಾಯಂ ಆಯಿತು. ಅವರ ಕಾರು ತಿರುವು ದಾಟುವ ಮೊದಲೇ ನಾನು ಗೇಟಿನ ಕ್ಯಾಮೆರಾದ ವಿಡಿಯೊ ತೆಗೆದು ಕೂತೆ. ಬೆಳಗಿನ ಐದೂಮುಕ್ಕಾಲು. ಮಂಕಿ ಕ್ಯಾಪ್ ಹಾಕಿದ ಒಂದು ಆಕೃತಿ ಬರುತ್ತದೆ. ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ. ಕೋಲಿನಂಥದ್ದೇನನ್ನೋ ಚಾಚಿ ಗಿಡವನ್ನು ತನ್ನ ಕಡೆಗೆ ಬಾಗಿಸುತ್ತದೆ. ಆಮೇಲೆ, ಇದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು, ಎರಡೂ ಕೈ ಜೋಡಿಸಿ ಹೂವಿಗೆ ನಮಸ್ಕಾರ ಮಾಡಿ ಕೀಳುತ್ತದೆ. ನಾನು ಹಿಂದೆ ಮುಂದೆ ನೋಡಲಿಲ್ಲ. ‘ಮಾನ ಮರ್ಯಾದೆ ಇಲ್ಲದ ಈ ಕಳ್ಳ ಯಾರು? ಗುರುತಿಸಿ’ ಎಂದು ಬರೆದು ಗುಂಪಿಗೆ ಹಾಕಿಬಿಟ್ಟೆ.

ನಮ್ಮ ಗುಂಪು ಯಾವತ್ತೂ ಸುಮ್ಮನಿರುವ ಗುಂಪಲ್ಲ. ಶುಭೋದಯದ ಚಿತ್ರಗಳು ಮಧ್ಯಾಹ್ನದವರೆಗೂ ಬರುತ್ತವೆ. ಅವತ್ತು ನನ್ನ ವಿಡಿಯೊ ಆದಮೇಲೆ ಒಂದೇ ಒಂದು ಗುಲಾಬಿಯೂ ಬರಲಿಲ್ಲ. ಕಾಲು ಗಂಟೆಯಲ್ಲಿ ಅರ್ಧ ಬಡಾವಣೆ ನೋಡಿಯಾಗಿತ್ತು, ಒಬ್ಬರೂ ಉಸಿರೆತ್ತಲಿಲ್ಲ. ನನ್ನ ಗಂಡ ಆಫೀಸಿನಿಂದ ಫೋನು ಮಾಡಿ, ಕೋಲಿನ ಹಿಡಿ ನೋಡಿದೆಯಾ ಎಂದು ಮೆಲ್ಲಗೆ ಕೇಳಿದ. ಮತ್ತೆ ನೋಡಿದೆ. ಅದು ಕೋಲಲ್ಲ, ಛತ್ರಿ. ಬಾಗಿದ ಮರದ ಹಿಡಿ.

ವಿಡಿಯೊವನ್ನು ಅಳಿಸಲು ಬೆರಳು ಇಡುವಷ್ಟರಲ್ಲಿ ಫೋನು ಟಣ್ ಎಂದಿತು. ‘ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಇಂತಿ, ಅಧ್ಯಕ್ಷರು.’ ಪುಣ್ಯಾತ್ಮರು ವಿಡಿಯೊ ತೆರೆದೇ ಇರಲಿಲ್ಲ.

ಸಂಜೆ ಯಾವಾಗಲೋ ತೆರೆದಿರಬೇಕು. ಮರುದಿನ ಅವರು ವಾಕಿಂಗಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುಂಪಿನಲ್ಲಿ ಯಾರೋ ಬೀದಿದೀಪ ಕೆಟ್ಟಿದೆ ಎಂದು ಬರೆದರು, ಉತ್ತರವಿಲ್ಲ. ಮೂಲೆ ಮನೆಯ ಡಾಕ್ಟರು ಪಾರ್ಕಿನಲ್ಲಿ ಸಿಕ್ಕಾಗ, ತಾವು ಬಾಲ್ಕನಿಯಿಂದ ಈ ಕೆಲಸವನ್ನು ಎರಡು ವರ್ಷದಿಂದ ನೋಡುತ್ತಿರುವುದಾಗಿಯೂ, ವಯಸ್ಸಾದವರು, ಒಂದು ಹೂವು ತಾನೆ ಎಂದು ಮುಖ ತಿರುಗಿಸಿಕೊಳ್ಳುವುದಾಗಿಯೂ ಹೇಳಿದರು. ಹೀಗೆ ಮುಖ ತಿರುಗಿಸಿಕೊಂಡವರು ನಮ್ಮಲ್ಲಿ ಎಷ್ಟೋ ಜನ ಇದ್ದರಂತೆ. ಏಳು ಗಂಟೆಯವರೆಗೆ ಮಲಗುವ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಮುದುಕರ ಮಾನ ಕಳೆದವಳೂ ನಾನೊಬ್ಬಳೇ.

ಮೂರನೇ ದಿನ ಡೇಲಿಯಾದ ಇನ್ನೊಂದು ಮೊಗ್ಗು ಅರಳಿತ್ತು. ಅದನ್ನು ಕತ್ತರಿಸಿಕೊಂಡು ಅವರ ಮನೆಗೆ ಹೋದೆ. ಮಗಳು ಬಾಗಿಲು ತೆಗೆದಳು. ಅವಳೂ ಅವಳ ಗಂಡನೂ ಮಹಡಿಯಲ್ಲಿ ಇರುವವರು. ಅಳಿಯನಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಅಪ್ಪ ಕಾಫಿ ಮಾಡುತ್ತಿದ್ದಾರೆ, ಅಮ್ಮನ ಹತ್ತಿರ ಕೂತಿರಿ ಎಂದು ಒಳಗೆ ಕರೆದಳು. ಅಧ್ಯಕ್ಷರ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮೂರು ವರ್ಷದಿಂದ ಹಾಸಿಗೆಯಲ್ಲಿದ್ದಾರೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಏಳು ಮನೆ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿತ್ತಾಳೆ ತಟ್ಟೆ, ಅದರಲ್ಲಿ ಎರಡು ದೇವರ ಪಟ. ಕೂತಲ್ಲೇ ಪೂಜೆ. ಪಟದ ಮೇಲೆ ಒಣಗಿದ ಹೂವು. ನನ್ನ ಕೈಯ ಡೇಲಿಯಾ ನೋಡಿದ್ದೇ ಅವರ ಮುಖ ಅರಳಿತು. ಹದಿನೇಳನೇ ನಂಬರಿನವಳಲ್ಲವೇ ನೀನು ಎಂದರು. ಅವತ್ತು ಕಳಿಸಿದ್ದರ ತಂಗಿ ಇದು, ಅಷ್ಟು ದೊಡ್ಡ ಹೂವು ಕೊಡುವುದಕ್ಕೆ ನಿನಗೆ ಹೇಗೆ ಮನಸ್ಸು ಬಂತೋ ಎಂದುಕೊಂಡೆ ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಒಂದೊಂದಾಗಿ ಹೇಳುತ್ತ ಹೋದರು. ಡಾಕ್ಟರ ಮನೆಯ ನಂದಿಬಟ್ಟಲಿನ ಎಸಳು ಸಣ್ಣಗಾದಾಗ ನೀರು ಸಾಲದು ಎಂದು ಹೇಳಿಕಳಿಸಿದ್ದು ಇವರು. ದಾಸವಾಳದ ತೊಟ್ಟಿನಲ್ಲಿ ಹುಳ ಕಂಡದ್ದು ಇವರು. ಇಪ್ಪತ್ತೆರಡನೇ ನಂಬರಿನ ಪಾರಿಜಾತಕ್ಕೆ ಸುಣ್ಣದ ವಾಸನೆ ಬಂದಾಗ ಆ ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ ಎಂದು ತಿಳಿದುಕೊಂಡರಂತೆ. ಮೂರು ವರ್ಷದಿಂದ ಕೋಣೆ ಬಿಟ್ಟು ಹೊರಗೆ ಕಾಲಿಡದ ಹೆಂಗಸು, ದಿನಾ ಬೆಳಗ್ಗೆ ಆ ತಟ್ಟೆಯಲ್ಲಿ ನಮ್ಮ ಮೂರು ಅಡ್ಡರಸ್ತೆಯನ್ನೂ ಸುತ್ತಿ ಬರುತ್ತಿದ್ದರು. ಇಷ್ಟೂ ಮನೆಯವರು ನೆನಪಿಟ್ಟುಕೊಂಡು ತಮಗೆ ಹೂವು ಕೊಟ್ಟುಕಳಿಸುತ್ತಾರೆ ಎಂದು ಅಧ್ಯಕ್ಷರು ಅವರಿಗೆ ಹೇಳಿದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷರು ಬಂದು ನಿಂತರು. ಕೈಯಲ್ಲಿ ಕಾಫಿ ಲೋಟದ ತಟ್ಟೆ. ನನ್ನನ್ನು ನೋಡಿ ಅಲ್ಲೇ ನಿಂತರು.

“ಮೂರು ದಿನದಿಂದ ಒಂದು ಹೂವೂ ಇಲ್ಲ ಕಣಮ್ಮ” ಎಂದರು ಅವರ ಹೆಂಡತಿ. “ಎಲ್ಲಾರ ಮನೇಲೂ ಮುಗಿದೋಯ್ತು ಅಂತಾರೆ. ಎಲ್ಲಾರ ಮನೇಲೂ ಒಂದೇ ಸಲ ಮುಗೀತದಾ? ಇವ್ರು ನಿಮ್ ಜೊತೆ ಏನಾರ ಜಗಳ ಮಾಡ್ಕೊಂಡ್ರಾ, ನಿಜ ಹೇಳು.”

ಇಡೀ ಬಡಾವಣೆಯನ್ನು ಕನ್ನಡಕದ ಮೇಲಿಂದ ನೋಡುತ್ತಿದ್ದ ಮನುಷ್ಯ ಅವತ್ತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಒಂದು ಮಾತಿನಲ್ಲಿ ಆ ಹೆಂಗಸಿನ ಮೂರು ವರ್ಷದ ಬೆಳಗುಗಳು ಇದ್ದವು. ನನ್ನ ಕೋಪ, ಬಹುಮಾನ ಎಲ್ಲ ಎತ್ತ ಹೋದವೋ.

“ಜಗಳ ಏನಿಲ್ಲ ಅಮ್ಮ. ತಪ್ಪು ನಂದೇ” ಎಂದೆ. “ಸ್ಪರ್ಧೆ ಇದೆ, ಒಂದು ಮೂರು ದಿನ ಯಾರೂ ಹೂ ಕೀಳೋದು ಬೇಡ ಅಂತ ಎಲ್ಲರಿಗೂ ನಾನೇ ಹೇಳಿಬಿಟ್ಟಿದ್ದೆ. ನಾಳೆಯಿಂದ ಬರುತ್ತೆ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಸರಿ ಬುಡು, ಕಾಫಿ ಕುಡಿ ಎಂದರು.

ಅಧ್ಯಕ್ಷರು ಗೇಟಿನವರೆಗೆ ಬಂದರು. ಕಾಂಕ್ರೀಟಿನ ಅಂಗಳದ ನಡುವೆ ನಿಂತು, ಮನೆ ಕಟ್ಟುವಾಗ ಹೆಂಡತಿ ಹೂವಿನ ಗಿಡಕ್ಕೆ ನಾಲ್ಕಡಿ ಮಣ್ಣು ಬಿಡಿ ಎಂದು ಕೇಳಿಕೊಂಡದ್ದನ್ನೂ, ಇಡೀ ಅಂಗಳದ ಅಡಿಯಲ್ಲಿ ಮಳೆನೀರಿನ ತೊಟ್ಟಿ ಕಟ್ಟುವ ಹುಮ್ಮಸ್ಸಿನಲ್ಲಿ ತಾವು ಕೇಳದೆ ಹೋದದ್ದನ್ನೂ ಹೇಳಿದರು. ಆಗ ಅವಳು ಓಡಾಡುತ್ತಿದ್ದಳು, ದಾರಿಯಲ್ಲಿ ಎಲ್ಲರ ಮನೆಯ ಹೂವು ನೋಡಿಕೊಂಡು ಬರುತ್ತಿದ್ದಳು, ಅಷ್ಟು ಸಾಕು ಎಂದುಕೊಂಡಿದ್ದರಂತೆ. ದೇವರಾಜ ಮಾರುಕಟ್ಟೆಯಿಂದ ಬುಟ್ಟಿಗಟ್ಟಲೆ ತರಿಸಬಹುದಿತ್ತಲ್ಲ ಎಂದು ಕೇಳಿದೆ. ತರಿಸಿದ್ದರಂತೆ. ಇದು ಯಾರ ಮನೇದು ಎಂದು ಕೇಳಿದಳಂತೆ.

“ನಲವತ್ ಮನೆ ಬಾಗ್ಲಲ್ಲಿ ನಿಂತು ಹೂ ಕೊಡಿ ಅಂತ ಎಂಗ್ ಕೇಳ್ಲಿ ಕಣಮ್ಮ, ಅಧ್ಯಕ್ಷ ಆಗಿ” ಎಂದರು. “ಕದ್ಬುಟ್ಟೆ.”

ಆ ಮಾತು ಕೇಳಿ ನನಗೆ ಅಳು ಬಂತು. ಅಳು ಬಂದರೆ ನನಗೆ ಕೋಪವೂ ಬರುತ್ತದೆ. ಕದ್ದಿರಿ ಅಂತ ಯಾರು ಹೇಳಿದ್ದು ಎಂದು ಅವರನ್ನೇ ಗದರಿದೆ. ಹೂವಿನ ಮುಖ ರಸ್ತೆ ಕಡೆಗಿತ್ತು, ತಿರುಗಿಸಿಟ್ಟವಳು ನಾನೇ, ಕಾಂಪೌಂಡ್ ದಾಟಿದ್ದು ರಸ್ತೇದು, ನಿರ್ಣಯಕ್ಕೆ ನನ್ನ ಸಹಿ ಇದೆ, ಬೇಕಾದರೆ ಪುಸ್ತಕ ತೆಗೆದು ನೋಡಿ ಎಂದೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. ಮನೆಗೆ ಬಂದು ಗುಂಪಿನಲ್ಲಿ, ಆ ಹೂವು ಕೀಳಲು ನಾನೇ ಹೇಳಿದ್ದೆ, ಮರೆತು ವಿಡಿಯೊ ಹಾಕಿದೆ, ಕ್ಷಮಿಸಿ ಎಂದು ಬರೆದೆ. ಐದು ನಿಮಿಷಕ್ಕೆ ಉತ್ತರ ಬಂತು: ‘ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಬೀದಿದೀಪದ ಬಗ್ಗೆ ಕ್ರಮ ಕೈಗೊಳ್ಳಲಾಗುವುದು. ಇಂತಿ, ಅಧ್ಯಕ್ಷರು.’

ಅವತ್ತು ಸಂಜೆ ನಾನು ಮನೆಮನೆಗೂ ಹೋಗಿ ಬೆಲ್ಲು ಒತ್ತಿದೆ. ಎಷ್ಟೋ ಮನೆಗಳ ಒಳಗೆ ಕಾಲಿಟ್ಟದ್ದು ಅದೇ ಮೊದಲು. ವಿಷಯ ಕೇಳಿದವರೆಲ್ಲ ತಾವೇ ಹೂವು ಕಳಿಸುತ್ತೇವೆ ಎಂದರು. ಬೇಡ ಎಂದವರು ಡಾಕ್ಟರು. ನಾವಾಗಿ ಕೊಡಲು ಹೋದರೆ ಊರಿಗೆಲ್ಲ ಗೊತ್ತಾಯಿತು ಎಂದು ಅಧ್ಯಕ್ಷರು ಮತ್ತೆ ಕದ ಹಾಕಿಕೊಳ್ಳುತ್ತಾರೆ, ಕೊಡುವುದು ಬೇಡ, ಸಿಗುವ ಹಾಗೆ ಬಿಡೋಣ ಎಂದರು. ಮರುವಾರದಿಂದ ನಮ್ಮ ಮಾಲಿಗಳು ರಸ್ತೆ ಕಡೆಯ ಕೊಂಬೆ ಕತ್ತರಿಸುವುದನ್ನು ನಿಲ್ಲಿಸಿದರು. ಒಬ್ಬರು ಗುಲಾಬಿ ಕುಂಡವನ್ನು ಗೋಡೆ ಮೇಲಿಟ್ಟರು. ಇನ್ನೊಬ್ಬರು ಮಲ್ಲಿಗೆ ಬಳ್ಳಿಗೆ ದಾರ ಕಟ್ಟಿ ಗೇಟಿನಾಚೆ ಇಳಿಬಿಟ್ಟರು. ಈಗ ಬಂದು ನೋಡಿ, ನಮ್ಮ ಬಡಾವಣೆಯ ಗಿಡಗಳೆಲ್ಲ ರಸ್ತೆಗೆ ಬಾಗಿವೆ. ಅಧ್ಯಕ್ಷರು ಎಂದಿನಂತೆ ಎಡಕ್ಕೆ ಬಲಕ್ಕೆ ನೋಡಿ, ಕೈ ಮುಗಿದು, ಕಿತ್ತುಕೊಂಡು ಹೋಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಆ ನೆಪದಲ್ಲಿ ನಾವು ಒಬ್ಬರ ಮನೆಗೊಬ್ಬರು ಹೋಗಿ ಬರುವುದು ರೂಢಿಯಾಯಿತು. ನನ್ನ ಸ್ಪರ್ಧೆಯ ಹುಚ್ಚೂ ಇಳಿಯಿತು.

ಒಂದು ಬೆಳಗ್ಗೆ ಅವರು ವಾಕಿಂಗಿಗೆ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು, ಯಾರಿಗೂ ತೊಂದರೆ ಕೊಡದೆ. ಎಂಬತ್ತು ದಾಟಿತ್ತು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆಸಿಕೊಂಡರು. ಅತ್ತು ಅತ್ತು ಕಣ್ಣು ಬತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅಷ್ಟು ವರ್ಷವೂ ಎಲ್ಲರೂ ಪ್ರೀತಿಯಿಂದ ಹೂವು ಕೊಟ್ಟರು, ಇನ್ನೂ ಕೊಡುತ್ತಾರೆ ಎಂದು ನಾನು ಸಮಾಧಾನ ಹೇಳಲು ಹೋದೆ. ಅವರು ಕೈ ಎತ್ತಿ ನಿಲ್ಲಿಸಿದರು.

“ಕೊಟ್ಟ ಹೂವು ಬಾಳೆಲೇಲಿ ಬರ್ತದೆ, ಇಲ್ಲ ಕವರಲ್ಲಿ ಬರ್ತದೆ. ಇವ್ರು ಸ್ವೆಟರ್ ಜೇಬಲ್ಲಿ ತರೋರು, ಇರುವೆ ಸಮೇತ. ನಂಗೊತ್ತಿರ್ನಿಲ್ವಾ ಕಣಮ್ಮ?”

ಸ್ಟೂಲಿನ ಮೇಲಿನ ಹಿತ್ತಾಳೆ ತಟ್ಟೆಯನ್ನು ಅವರು ಹತ್ತಿರಕ್ಕೆ ಎಳೆದುಕೊಂಡರು.

“ನಾಲ್ಕಡಿ ಮಣ್ಣು ಕೊಡ್ನಿಲ್ಲ ಅನ್ನೋದು ಅವ್ರ ಮನ್ಸಲ್ಲಿ ಕೊರೀತಿತ್ತು. ತೀರಿಸ್ಕೊಳ್ಳಲಿ ಅಂತ ಸುಮ್ಕಿದ್ದೆ. ಅವತ್ತು ನೀನೂ ಸುಳ್ಳು ಹೇಳಿ ಅವ್ರನ್ನ ಉಳಿಸ್ಕೊಂಡೆ. ಅದ್ಕೇ ನಿನ್ನ ಕರೆದದ್ದು.”

ಹೀಗೆಂದು ಮಂಚದ ತಲೆಗಂಬಕ್ಕೆ ನೇತು ಹಾಕಿದ್ದ ಛತ್ರಿಯನ್ನು ತೆಗೆದು ನನ್ನ ಕೈಗಿಟ್ಟರು. ಯಾರ ಹತ್ತಿರವೂ ಕೇಳಿ ತರಬೇಡ, ಅವರು ತರುತ್ತಿದ್ದ ಹಾಗೇ ತಾ ಎಂದರು.

ಮರುದಿನ ಐದೂವರೆಗೆ ಅಲಾರಂ ಇಟ್ಟುಕೊಂಡು ಎದ್ದೆ. ಗಂಡನ ಮಂಕಿ ಕ್ಯಾಪ್, ಸ್ವೆಟರ್ ಹಾಕಿಕೊಂಡು ಹೊರಟೆ. ಮೂಲೆ ಮನೆಯ ನಂದಿಬಟ್ಟಲಿನ ಕೊಂಬೆ ರಸ್ತೆಗೆ ಬಾಗಿತ್ತು. ಆದರೂ ನನ್ನ ಕೈಗೆ ಎಟುಕಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಮೇಲೆ ನೋಡುವುದು ಮರೆತಿದ್ದೆ. ಛತ್ರಿಯ ಹಿಡಿ ಕೊಂಬೆಗೆ ಸಿಕ್ಕಿಸಿ ಎಳೆಯುವಾಗ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತ ಡಾಕ್ಟರು ಕಂಡರು. ಅವರೂ ನನ್ನನ್ನು ಕಂಡರು. ಕಂಡು, ಮೆಲ್ಲಗೆ ಚಾಮುಂಡಿ ಬೆಟ್ಟದ ಕಡೆಗೆ ಮುಖ ತಿರುಗಿಸಿಕೊಂಡರು. ನಾನು ಹೂವಿಗೆ ಕೈ ಮುಗಿದು, ಕಿತ್ತು, ಜೇಬಿಗೆ ಹಾಕಿಕೊಂಡೆ.